ಬಾಳುವ ಊರು

ನಾಲ್ಕಾರು ಮನೆಗಳು, ಒಂದು ಗುಡಿ, ಒಂದು ಕೆರೆ, ಸುತ್ತ ಹೊಲಗದ್ದೆಗಳು ಇದ್ದರೆ ಅದನ್ನು ಊರೆಂದು ಕರೆಯುವುದು ವಾಡಿಕೆ. ಕಂದಾಯದ ಲೆಕ್ಕಕ್ಕೆ ಇಷ್ಟು ಸಾಕು. ಆದರೆ ಊರು ಬಾಳಬೇಕಾದರೆ ಇಷ್ಟು ಸಾಲದು. ಮನೆಗಳು ನಿಂತಿದ್ದೂ ಊರು ಬರಿದಾಗುವುದುಂಟು, ಕೆರೆಯಿದ್ದೂ ನೀರಿಲ್ಲದಿರುವುದುಂಟು, ಜನರಿದ್ದೂ ನೆರೆಹೊರೆಯ ಬಾಳು ಇಲ್ಲದಿರುವುದುಂಟು. ಹಾಗಾದರೆ ಒಂದು ಊರನ್ನು ತಲೆಮಾರಿನಿಂದ ತಲೆಮಾರಿಗೆ ಬಾಳಿಸುವುದು ಯಾವುದು? ಪ್ರಶ್ನೆ ಹಳೆಯದು. ಆದರೆ ಇಂದು ಅದನ್ನು ಜಗತ್ತು ಹೊಸದಾಗಿ ಕೇಳತೊಡಗಿದೆ.

ಈಚಿನ ದಶಕಗಳಲ್ಲಿ 'ಪರಿಸರಗ್ರಾಮ' ಎಂಬ ಮಾತು ಬಳಕೆಗೆ ಬಂದಿದೆ. 1991ರಲ್ಲಿ ಅಮೆರಿಕದ ರಾಬರ್ಟ್ ಗಿಲ್ಮನ್ ಮತ್ತು ಡಯಾನ್ ಗಿಲ್ಮನ್ ದಂಪತಿಗಳು ಇಂತಹ ಊರಿನ ಲಕ್ಷಣಗಳನ್ನು ಒಂದು ವರದಿಯಲ್ಲಿ ವಿವರಿಸಿದರು. ಆ ಊರು ಮನುಷ್ಯನ ಅಳವಿಗೆ ಮೀರುವಷ್ಟು ದೊಡ್ಡದಾಗಿರಬಾರದು. ಉಣ್ಣುವುದು, ದುಡಿಯುವುದು, ಕಲಿಯುವುದು, ಕೂಡಿ ನಲಿಯುವುದು ಮುಂತಾದ ಬಾಳಿನ ಎಲ್ಲ ವ್ಯವಹಾರಗಳಿಗೂ ಅಲ್ಲಿ ಎಡೆಯಿರಬೇಕು. ಆ ವ್ಯವಹಾರಗಳು ನಿಸರ್ಗಕ್ಕೆ ಕೇಡು ಮಾಡದೆ ಅದರೊಡನೆ ಹೊಂದಿಕೊಂಡಿರಬೇಕು. ಎಷ್ಟು ಕಾಲವಾದರೂ ಆ ಬಾಳು ಹಾಗೆಯೇ ಮುಂದುವರಿಯುವಂತಿರಬೇಕು. ಇದು ಅವರ ವಿವರಣೆಯ ತಿರುಳು. 1995ರಲ್ಲಿ ಸ್ಕಾಟ್ಲೆಂಡಿನ ಫಿಂಡ್‌ಹಾರ್ನ್ ಎಂಬಲ್ಲಿ ಹಲವು ದೇಶಗಳ ಜನರು ಸೇರಿ ಚರ್ಚಿಸಿದ ಮೇಲೆ ಇಂತಹ ಊರುಗಳ ಜಾಗತಿಕ ಕೂಟವೊಂದು ರೂಪುಗೊಂಡಿತು.

ಭಾರತಕ್ಕೆ ಈ ವಿಚಾರ ಅಪರಿಚಿತವೇನಲ್ಲ. ಗಾಂಧೀಜಿಯವರು ಗ್ರಾಮಸ್ವರಾಜ್ಯದ ಕನಸನ್ನು ಕಂಡಿದ್ದರು. ಅವರ ಅನುಯಾಯಿಯೂ ಅರ್ಥಶಾಸ್ತ್ರಜ್ಞರೂ ಆಗಿದ್ದ ಜೆ. ಸಿ. ಕುಮಾರಪ್ಪನವರು 1945ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಂಪತ್ತನ್ನು ಎರಡು ಬಗೆಯಾಗಿ ವಿಂಗಡಿಸಿದರು. ಕಲ್ಲಿದ್ದಲು, ಎಣ್ಣೆಗಳಂತೆ ತೆಗೆದಷ್ಟೂ ಬರಿದಾಗುವುದು ಒಂದು ಬಗೆ. ಹರಿಯುವ ನೀರಿನಂತೆ, ಚಿಗುರುವ ಮರದಂತೆ ಮರಳಿ ಮರಳಿ ದೊರೆಯುವುದು ಇನ್ನೊಂದು ಬಗೆ. ಎರಡನೆಯದನ್ನು ನೆಮ್ಮಿದ ಬಾಳೇ ನಿಲ್ಲುವ ಬಾಳು ಎಂಬುದು ಅವರ ಸಿದ್ಧಾಂತ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು' ಎಂಬ ಗಾದೆಯ ಅರ್ಥವೂ ಇದಕ್ಕೆ ದೂರವಾದುದಲ್ಲ.

ಈ ಲಕ್ಷಣಗಳೆಲ್ಲವೂ ಒಪ್ಪತಕ್ಕವೇ. ಆದರೆ ಅವುಗಳಲ್ಲಿ ಒಂದು ಮುಖ್ಯವಾದ ಮಾತು ಮರೆಯಲ್ಲಿ ಉಳಿದುಬಿಡುತ್ತದೆ. ಊರಿಗೆಲ್ಲ ಒಳಿತಾಗುವ ಕೆಲಸಕ್ಕೆ ಯಾರಾದರೂ ಏನನ್ನಾದರೂ ತೆರಬೇಕಾಗುತ್ತದೆ. ಒಬ್ಬನು ಮರವನ್ನು ಕಡಿಯದೆ ಉಳಿಸಬೇಕು; ಇನ್ನೊಬ್ಬನು ತನ್ನ ಗದ್ದೆಗೆ ಹಾಯುವ ನೀರನ್ನು ಮಿತಗೊಳಿಸಬೇಕು; ಮತ್ತೊಬ್ಬನು ಕಡಿಮೆ ಇಳುವರಿಯ ತಳಿಯನ್ನು ಬಿಡದೆ ಬೆಳೆಯಬೇಕು. ಆ ನಷ್ಟವನ್ನು ಹೊರುವವರು ಯಾರು? ಲಾಭ ಎಲ್ಲರದಾಗಿ ನಷ್ಟ ಒಬ್ಬನದಾದರೆ ಆ ಊರು ಎಷ್ಟು ಹಸುರಾಗಿದ್ದರೂ ಬಹುಕಾಲ ಬಾಳಲಾರದು. ನಷ್ಟವನ್ನು ಹಂಚಿಕೊಂಡು ಹೊರುವ ಊರೇ ನಿಜವಾದ ಪರಿಸರಗ್ರಾಮ. ಈ ಮಾತಿಗೆ ನಿದರ್ಶನಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು, ಮಳವಳ್ಳಿ ಮತ್ತು ಮಂಡ್ಯ ತಾಲ್ಲೂಕುಗಳಲ್ಲಿಯೇ ಅವು ದೊರೆಯುತ್ತವೆ.

ಮದ್ದೂರು ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಸಮೀಪವಾಗಿ ಕೊಕ್ಕರೆ ಬೆಳ್ಳೂರು ಎಂಬ ಹಳ್ಳಿಯಿದೆ. ನೋಟಕ್ಕೆ ಅದು ಬಯಲುಸೀಮೆಯ ಇತರ ಹಳ್ಳಿಗಳಂತೆಯೇ ಇದೆ. ಮನೆಗಳ ನಡುವೆ, ಹಿತ್ತಿಲುಗಳಲ್ಲಿ, ಹೊಲದ ಬದುಗಳಲ್ಲಿ ಹುಣಿಸೆ, ಆಲ, ಅರಳಿ ಮರಗಳಿವೆ. ಆದರೆ ಚಳಿಗಾಲ ಕಾಲಿಟ್ಟ ಮೇಲೆ ಆ ಮರಗಳ ನೆತ್ತಿಯ ಮೇಲೆ ಬೇರೊಂದು ಊರೇ ನೆಲೆಗೊಳ್ಳುತ್ತದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗುಂಪುಗುಂಪಾಗಿ ಬಂದು, ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳನ್ನು ಸಾಕಿ, ಮಳೆಗಾಲ ಸಮೀಪಿಸುವ ಹೊತ್ತಿಗೆ ಹಾರಿಹೋಗುತ್ತವೆ. ಹಿಂದೆ ಊರು ನದಿಯ ದಂಡೆಯಲ್ಲಿತ್ತೆಂದೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪ್ಲೇಗಿನ ಹಾವಳಿಗೆ ಅಂಜಿ ಜನರು ಈಗಿನ ನೆಲೆಗೆ ಬಂದರೆಂದೂ, ಹಕ್ಕಿಗಳೂ ಅವರನ್ನು ಹಿಂಬಾಲಿಸಿ ಬಂದವೆಂದೂ ಊರಿನ ಹಿರಿಯರು ಹೇಳುವುದುಂಟು. 1976ರಲ್ಲಿ ಅರಣ್ಯಾಧಿಕಾರಿಗಳಾಗಿದ್ದ ಎಸ್. ಜಿ. ನೇಗಿನಹಾಳ ಅವರು ಈ ಊರನ್ನು ಹೊರಲೋಕದ ಗಮನಕ್ಕೆ ತಂದರು.

ಈ ಹಕ್ಕಿಗಳನ್ನು ಊರಿನವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಇದು ಬರಿಯ ಬಾಯಿಮಾತಲ್ಲ. ತವರಿಗೆ ಬಂದ ಮಗಳು ತಾಯಿಯ ಮನೆಗೆ ಹೊರೆಯೂ ಹೌದು, ಭಾಗ್ಯವೂ ಹೌದು. ಹಕ್ಕಿಗಳೂ ಹಾಗೆಯೇ. ಹಗಲಿರುಳು ಅವುಗಳ ಗದ್ದಲ. ಅಂಗಳದ ತುಂಬ ಹಿಕ್ಕೆ. ಗೂಡಿನಿಂದ ಜಾರಿ ಬಿದ್ದ ಮೀನುಗಳ ನಾತ. ಆದರೆ ಆ ಹಿಕ್ಕೆಯೇ ಉತ್ತಮವಾದ ಗೊಬ್ಬರ. ಮರದ ಬುಡದಲ್ಲಿ ಗುಂಡಿ ತೋಡಿ, ಬಿದ್ದ ಹಿಕ್ಕೆಗೆ ಕೆರೆಯ ಗೋಡನ್ನು ಬೆರೆಸಿ ಹೊಲಕ್ಕೆ ಸಾಗಿಸುವ ರೂಢಿ ಇಲ್ಲಿ ಬೆಳೆದುಬಂದಿತು. ಮದ್ದೂರು ಕೆರೆ, ತೈಲೂರು ಕೆರೆ ಮುಂತಾದ ಸುತ್ತಲಿನ ಕೆರೆಗಳಲ್ಲಿ ಹಕ್ಕಿಯು ಮೀನು ಹಿಡಿಯುತ್ತದೆ. ಆ ಮೀನು ಹಿಕ್ಕೆಯಾಗಿ ಬೆಳ್ಳೂರಿನ ಮಣ್ಣಿಗೆ ಇಳಿಯುತ್ತದೆ. ಮಣ್ಣಿನ ಸಾರವು ರಾಗಿಯಾಗಿ, ಭತ್ತವಾಗಿ ಜನರ ತಟ್ಟೆಗೆ ಬರುತ್ತದೆ. ಕೆರೆಯ ಸತ್ತ್ವವು ರೆಕ್ಕೆ ಕಟ್ಟಿಕೊಂಡು ಹೊಲಕ್ಕೆ ಬರುವ ಈ ಏರ್ಪಾಡನ್ನು ಯಾವ ಯಂತ್ರವೂ ಇಷ್ಟು ಸುಲಭವಾಗಿ ನಡೆಸಲಾರದು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ, ಆದರೆ ಪೂರ್ಣವಾಗುವುದಿಲ್ಲ. ಹುಣಿಸೆಹಣ್ಣು ಬಲಿತು ಉದುರಿಸುವ ಕಾಲವೂ ಹಕ್ಕಿಗಳು ಮರಿ ಮಾಡುವ ಕಾಲವೂ ಒಂದೇ. ಗೂಡುಗಳಿರುವ ಮರವನ್ನು ಹತ್ತಿ ಕೊಂಬೆ ಬಡಿಯುವಂತಿಲ್ಲ. ಹಣ್ಣಿನ ಆದಾಯವನ್ನು ನೆಚ್ಚಿಕೊಂಡ ಸಣ್ಣ ಹಿಡುವಳಿಯ ರೈತನಿಗೆ ಇದು ಸಣ್ಣ ನಷ್ಟವಲ್ಲ. ಹಕ್ಕಿಯನ್ನು ನೋಡಿ ಸಂತೋಷಪಡುವವರು ನೂರಾರು ಮಂದಿ. ಹುಣಿಸೆಯನ್ನು ಕಳೆದುಕೊಳ್ಳುವವನು ಮರದ ಒಡೆಯನೊಬ್ಬನೇ. ಮರವನ್ನು ಕಡಿದು ಸೌದೆಗೆ ಮಾರುವ ಆಸೆ ಆತನಿಗೆ ಹುಟ್ಟಿದರೆ ಅದನ್ನು ಕ್ರೌರ್ಯವೆನ್ನುವುದು ಸುಲಭ, ನ್ಯಾಯವಲ್ಲ. ಈ ಕಷ್ಟವನ್ನರಿತು ಗೂಡು ಹೊತ್ತ ಮರಗಳ ಒಡೆಯರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಸಲ್ಲುವ ವ್ಯವಸ್ಥೆ ಏರ್ಪಟ್ಟಿತು. ಊರಿನ ತರುಣರು 'ಹೆಜ್ಜಾರ್ಲೆ ಬಳಗ'ವನ್ನು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ತಿನ್ನಿಸಿ, ಸಾಕಿ, ಹಾರಲು ಬಿಡುವ ಕೆಲಸವನ್ನು ಕೈಗೊಂಡರು. 2007ರಲ್ಲಿ ಕೊಕ್ಕರೆ ಬೆಳ್ಳೂರು 'ಸಮುದಾಯ ಮೀಸಲು ಪ್ರದೇಶ'ವೆಂದು ಘೋಷಿತವಾಯಿತು. ಎಂದರೆ, ಜನರನ್ನು ಹೊರಗಟ್ಟಿ ಹಕ್ಕಿಗಳನ್ನು ಉಳಿಸುವುದಲ್ಲ. ಜನರ ಕೈಯಿಂದಲೇ ಅವುಗಳನ್ನು ಉಳಿಸುವುದು.

ಪ್ರೀತಿಗೆ ಹಣದ ಬೆಲೆ ಕಟ್ಟಿದಂತಾಗಲಿಲ್ಲವೆ ಎಂದು ಕೆಲವರು ಕೇಳಬಹುದು. ಈ ಆಕ್ಷೇಪ ಸಾಧುವಲ್ಲ. ಏನನ್ನೂ ಕಳೆದುಕೊಳ್ಳದವರ ಪ್ರೀತಿ ಅಗ್ಗದ ಪ್ರೀತಿ. ಕಳೆದುಕೊಂಡವನಿಗೆ ಆತನ ಪಾಲನ್ನು ತುಂಬಿಕೊಟ್ಟ ಮೇಲೆಯೇ ಪ್ರೀತಿಯ ಮಾತನ್ನಾಡುವ ಅಧಿಕಾರ ಉಳಿದವರಿಗೆ ಬರುತ್ತದೆ. ಪರಿಹಾರವು ಸಾಲದಾದರೆ, ಅಥವಾ ತಡವಾದರೆ, ಹಕ್ಕಿಯ ಮೇಲಣ ಮಮತೆ ಎಷ್ಟಿದ್ದರೂ ಕೊಡಲಿಯನ್ನು ಅದು ಬಹುಕಾಲ ತಡೆಯಲಾರದು.

ಕೊಕ್ಕರೆ ಬೆಳ್ಳೂರು ಇನ್ನೊಂದು ಪಾಠವನ್ನೂ ಕಲಿಸಿತು. 2017ರ ಕೊನೆಯಿಂದ 2018ರ ಆರಂಭದವರೆಗೆ ಅಲ್ಲಿ ಹೆಜ್ಜಾರ್ಲೆಗಳು ಒಂದಾದ ಮೇಲೊಂದು ಸಾಯತೊಡಗಿದವು. ಪರೀಕ್ಷಿಸಿದಾಗ ಅವುಗಳ ಒಡಲಲ್ಲಿ ಪರಾವಲಂಬಿ ಹುಳುಗಳು ಕಂಡುಬಂದವು. ಹಕ್ಕಿಯ ಒಡಲಿಗೆ ಏನು ಸೇರಬೇಕೆಂಬುದನ್ನು ಬೆಳ್ಳೂರು ಒಂದೇ ನಿರ್ಧರಿಸಲಾರದು. ಹಕ್ಕಿ ಮಲಗುವುದು ಒಂದು ಊರಿನಲ್ಲಿ; ಉಣ್ಣುವುದು ಹತ್ತು ಊರುಗಳ ಕೆರೆಗಳಲ್ಲಿ. ಆ ಕೆರೆಗಳಿಗೆ ಪಟ್ಟಣದ ಚರಂಡಿಯ ನೀರು ಹರಿದರೆ, ಹೂಳು ತುಂಬಿದರೆ, ಒತ್ತುವರಿಯಾದರೆ ಬೆಳ್ಳೂರಿನ ಅಕ್ಕರೆ ಒಂದರಿಂದಲೇ ಹಕ್ಕಿ ಬದುಕಲಾರದು. ಆದಕಾರಣ ಪರಿಸರಗ್ರಾಮವೆಂಬುದು ಬೇಲಿ ಹಾಕಿಕೊಂಡು ತಾನೊಂದೇ ಬಾಳುವ ಊರಲ್ಲ.

ಮದ್ದೂರಿನ ನೆರೆಯ ಮಳವಳ್ಳಿ ತಾಲ್ಲೂಕಿನಲ್ಲಿ ಹಕ್ಕಿಗಳ ಬದಲು ಬಿತ್ತದ ಬೀಜಗಳಿಗೆ ಆಶ್ರಯ ಕೊಟ್ಟ ಮನೆಯೊಂದಿದೆ. ಕಿರುಗಾವಲು ಗ್ರಾಮದ ರೈತ ಸೈಯದ್ ಘನಿ ಖಾನ್ ಅವರು ಮರೆಯಾಗುತ್ತಿದ್ದ ನೂರಾರು ದೇಸಿ ಭತ್ತದ ತಳಿಗಳನ್ನು ಹುಡುಕಿ ತಂದು ಕಾಪಾಡಿದ್ದಾರೆ. ರಾಜಮುಡಿ, ರತ್ನಚೂಡಿ, ಗಂಧಸಾಲೆ ಮುಂತಾದ ಹೆಸರುಗಳನ್ನು ಕೇಳಿದರೆ ಸಾಕು, ಒಂದೊಂದರ ಬಣ್ಣ, ಪರಿಮಳ, ರುಚಿ ಬೇರೆ ಬೇರೆಯೆಂಬುದು ಹೊಳೆಯುತ್ತದೆ. ಅವರ ಮನೆತನದ 'ಬಡಾ ಬಾಗ್' ಎಂಬ ಹಳೆಯ ತೋಪಿನಲ್ಲಿ ನೂರಕ್ಕೂ ಮಿಗಿಲಾದ ಮಾವಿನ ಬಗೆಗಳಿವೆ. ಬೀಜವನ್ನು ಕಾಯುವುದು ಚಿನ್ನವನ್ನು ಕಾಯುವಂತಲ್ಲ. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರೆ ತೀರಿತು. ಬೀಜವನ್ನು ಹಾಗೆ ಇಟ್ಟರೆ ಮೊಳೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದನ್ನು ಮತ್ತೆ ಮತ್ತೆ ಬಿತ್ತಿ, ಒಂದರೊಡನೆ ಒಂದು ಬೆರೆಯದಂತೆ ಬೇರೆ ಬೇರೆಯಾಗಿ ಬೆಳೆದು, ಕೊಯ್ದು, ಒಣಗಿಸಿ, ಇತರರಿಗೂ ಹಂಚಬೇಕು. ಎಲ್ಲರ ಗದ್ದೆಗಳಲ್ಲಿ ಒಂದೇ ತಳಿಯಿದ್ದರೆ ಒಂದೇ ರೋಗಕ್ಕೆ ಎಲ್ಲವೂ ತುತ್ತಾಗಬಹುದು. ಹಲವು ತಳಿಗಳಿದ್ದರೆ ಒಂದು ಸೋತಾಗ ಇನ್ನೊಂದು ಕೈಹಿಡಿಯುತ್ತದೆ. ಬೀಜದ ವೈವಿಧ್ಯವು ಊರಿನ ಆಪದ್ಧನ.

ಅದೇ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಿದ್ದವರು. ಬೇಸಗೆಯಲ್ಲಿ ಕುಂದೂರು ಬೆಟ್ಟದ ಮೇಲೆ ಪ್ರಾಣಿಪಕ್ಷಿಗಳು ನೀರಿಲ್ಲದೆ ಬಳಲುವುದನ್ನು ಕಂಡು, ಬೆಟ್ಟದ ಇಳಿಜಾರಿನಲ್ಲಿ ಕಟ್ಟೆಗಳನ್ನು ತೋಡಲು ತೊಡಗಿದರು. ಕುರಿ ಮಾರಿದ ಹಣವನ್ನೂ ಅದಕ್ಕೆ ಸುರಿದರು, ಗಿಡಗಳನ್ನು ನೆಟ್ಟರು. ಹಲವು ವರ್ಷಗಳಲ್ಲಿ ಸುಮಾರು ಹದಿನಾರು ಕಟ್ಟೆಗಳಾದವು. 2020ರ ಜೂನ್ ತಿಂಗಳಿನಲ್ಲಿ ಪ್ರಧಾನಮಂತ್ರಿಯವರು ತಮ್ಮ ಬಾನುಲಿ ಭಾಷಣದಲ್ಲಿ ಅವರನ್ನು ಹೆಸರಿಸಿ ಕೊಂಡಾಡಿದರು. 2022ರ ಅಕ್ಟೋಬರಿನಲ್ಲಿ ಕಾಮೇಗೌಡರು ತೀರಿಕೊಂಡರು.

ಇಂತಹವರನ್ನು ನಾಡು ಕೊಂಡಾಡುವುದು ಉಚಿತವೇ. ಆದರೆ ಕೊಂಡಾಟವು ಕೆಲವೊಮ್ಮೆ ಹೊಣೆಯಿಂದ ಜಾರಿಕೊಳ್ಳುವ ಉಪಾಯವೂ ಆಗುತ್ತದೆ. ಒಬ್ಬನನ್ನು ಮಹಾತ್ಮನೆಂದು ಕರೆದರೆ ಉಳಿದವರು ನಿಶ್ಚಿಂತೆಯಿಂದ ಮನೆಯಲ್ಲಿರಬಹುದಲ್ಲವೆ? ಕಟ್ಟೆಯನ್ನು ತೋಡುವುದು ಒಬ್ಬನಿಂದಾದೀತು; ವರ್ಷ ವರ್ಷವೂ ಅದರ ಹೂಳೆತ್ತುವುದು ಊರಿನಿಂದಲೇ ಆಗಬೇಕು. ಬೀಜವನ್ನು ಒಬ್ಬನು ಉಳಿಸಿಯಾನು. ಅದನ್ನು ಬಿತ್ತುವ ಹೊಲಗಳು ಹತ್ತಾರು ಇರಬೇಕು. ಒಬ್ಬರ ತ್ಯಾಗದ ಮೇಲೆ ನಿಂತ ಒಳಿತು ಆ ಒಬ್ಬರ ಆಯುಸ್ಸಿನಷ್ಟೇ ದೀರ್ಘವಾದುದು.

ಇನ್ನು ಮಂಡ್ಯದ ಕಡೆಗೆ ನೋಡಬೇಕು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟಡವು ಸುಮಾರು ಎರಡು ದಶಕಗಳ ಕಾಲ ನಡೆಯಿತು. ಅಲ್ಲಿಂದ ಹೊರಟ ಇರ್ವಿನ್ ನಾಲೆಯು ಇಂದು ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾಗಿದೆ. ಮಳೆಯನ್ನೂ ಕೆರೆಯನ್ನೂ ನಂಬಿದ್ದ ಒಣನೆಲಕ್ಕೆ ಕಾವೇರಿಯ ನೀರು ಹರಿದಾಗ ಅದು ಬಹು ಜನರ ಬಡತನವನ್ನು ನೀಗಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಕಬ್ಬನ್ನರೆದು ಉಳಿದ ಸಿಪ್ಪೆಯಿಂದಲೇ ಕೊಪ್ಪರಿಗೆಯ ಒಲೆಯನ್ನುರಿಸಿ ಬೆಲ್ಲ ಮಾಡುವ ಆಲೆಮನೆಗಳು ಊರೂರಲ್ಲಿ ಎದ್ದವು. ಏನನ್ನೂ ವ್ಯರ್ಥಮಾಡದ ಆ ಒಲೆಯೂ ಒಂದು ಪಾಠವೇ.

ಆದರೆ ಈ ಹಸುರಿಗೂ ಬೆಲೆ ತೆತ್ತವರಿದ್ದಾರೆ. ಜಲಾಶಯದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. ಅಣೆಕಟ್ಟನ್ನು ಜನರು ಇಂದಿಗೂ ಕನ್ನಂಬಾಡಿ ಕಟ್ಟೆಯೆಂದು ಕರೆಯುತ್ತಾರೆ. ಊರು ಹೋಗಿ ಹೆಸರು ಮಾತ್ರ ಉಳಿದಿದೆ. ನಾಲೆಯ ಮೊದಲಲ್ಲಿರುವವರು ಬೇಕಾದುದಕ್ಕಿಂತ ಹೆಚ್ಚು ನೀರು ಹಾಯಿಸಿದರೆ ಅವರ ನೆಲ ಜೌಗಾಗಿ, ಚೌಳಾಗಿ ಕೆಡುತ್ತದೆ. ಅದೇ ಸಮಯದಲ್ಲಿ ನಾಲೆಯ ಕೊನೆಯಲ್ಲಿರುವ ಮದ್ದೂರು, ಮಳವಳ್ಳಿಗಳ ಕೆಲವು ಊರುಗಳ ಪೈರು ನೀರಿಲ್ಲದೆ ಬಾಡುತ್ತದೆ. ಒಂದೇ ನಾಲೆಯಲ್ಲಿ ಒಬ್ಬನಿಗೆ ಅತಿಯಿಂದ ಕೇಡು, ಇನ್ನೊಬ್ಬನಿಗೆ ಕೊರತೆಯಿಂದ ಕೇಡು! ಒಂದೆರಡು ಬೆಳೆಗಳನ್ನೇ ನೆಚ್ಚಿಕೊಂಡ ರೈತನು ಬೆಲೆ ಕುಸಿದಾಗ ನೆಲೆ ತಪ್ಪುತ್ತಾನೆ. 2015ರಲ್ಲಿ ಸಾಲದ ಹೊರೆಯನ್ನು ತಾಳಲಾರದೆ ಜಿಲ್ಲೆಯ ಹಲವು ರೈತರು ಪ್ರಾಣವನ್ನೇ ಕಳೆದುಕೊಂಡರು. ನೀರಿದ್ದ ಮಾತ್ರಕ್ಕೆ ಊರು ಬಾಳುವುದಿಲ್ಲವೆಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಕಿಲ್ಲ.

ಹಾಗಿದ್ದರೆ ಹಿಂದಿನ ಹಳ್ಳಿಯೇ ಆದರ್ಶವೆ? ಹಾಗೆಂದು ಹೇಳುವುದೂ ಸರಿಯಲ್ಲ. ಹಿಂದಿನ ಊರಿನಲ್ಲಿ ಕೆರೆಯ ಏರಿ, ತೂಬು, ಕೋಡಿಗಳನ್ನು ನೋಡಿಕೊಳ್ಳುವ ಕಟ್ಟುಪಾಡುಗಳಿದ್ದವು, ಸರದಿಯಂತೆ ನೀರು ಬಿಡುವ ನೀರುಗಂಟಿಯಿದ್ದನು, ದನ ಮೇಯಲು ಗೋಮಾಳವಿತ್ತು, ನೆರಳಿಗೆ ಗುಂಡುತೋಪಿತ್ತು. ಆದರೆ ಆ ಕೆರೆಯ ಮಣ್ಣನ್ನು ಹೊತ್ತ ಜನರಲ್ಲಿ ಎಷ್ಟೋ ಮಂದಿ ಊರಬಾವಿಯ ನೀರನ್ನು ಮುಟ್ಟುವಂತಿರಲಿಲ್ಲ. 1927ರಲ್ಲಿ ಡಾ. ಅಂಬೇಡ್ಕರ್ ಅವರು ಮಹಾಡಿನ ಚೌದಾರ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ ಸತ್ಯಾಗ್ರಹವನ್ನೇ ಹೂಡಬೇಕಾಯಿತು. ಹಳ್ಳಿಯನ್ನು ಹೊಗಳುವವರನ್ನು ಅವರು 1948ರಲ್ಲಿ ಸಂವಿಧಾನ ಸಭೆಯಲ್ಲಿ ಕಟುವಾಗಿ ಟೀಕಿಸಿದುದಕ್ಕೆ ಕಾರಣವಿಲ್ಲದಿಲ್ಲ. ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುವ 'ಕೆರೆಗೆ ಹಾರ'ದ ಕಥೆ ಕನ್ನಡಿಗರೆಲ್ಲರೂ ಬಲ್ಲದ್ದೇ. ನೀರು ಊರಿಗೆಲ್ಲ ಬೇಕಾಗಿತ್ತು. ಪ್ರಾಣವನ್ನು ತೆತ್ತವಳು ಮಾತ್ರ ಮನೆಯಲ್ಲಿ ಎದುರಾಡುವ ಬಲವಿಲ್ಲದ ಒಬ್ಬ ಹೆಣ್ಣು. ಹೊರೆಯನ್ನು ಹೊರಲು ಎಲ್ಲರಿಗಿಂತ ದುರ್ಬಲರನ್ನೇ ಆರಿಸುವ ಊರಿನಲ್ಲಿ ಕೆರೆ ತುಂಬಿದರೂ ಅದು ಬಾಳುವ ಊರಲ್ಲ.

ಹೊಸದಾಗಿ ಜಮೀನು ಕೊಂಡು, ಸಮಾನಮನಸ್ಕರು ಸೇರಿ, ಮಣ್ಣಿನ ಮನೆಗಳನ್ನು ಕಟ್ಟಿ, ಸೂರ್ಯನ ಶಕ್ತಿಯಿಂದ ದೀಪ ಬೆಳಗಿಸಿಕೊಂಡು ಬಾಳುವ ಪ್ರಯೋಗಗಳೂ ಇವೆ. ಅವುಗಳಿಂದ ಕಲಿಯತಕ್ಕುದು ಬಹಳವಿದೆ. ಆದರೆ ಅಲ್ಲಿ ನೆರೆಯವರನ್ನು ಆರಿಸಿಕೊಳ್ಳುವ ಅನುಕೂಲವಿರುತ್ತದೆ. ಹಳ್ಳಿಗೆ ಆ ಅನುಕೂಲವಿಲ್ಲ. ಬಡವ, ಬಲ್ಲಿದ, ಮೇಲಿನ ಗದ್ದೆಯವನು, ಕೆಳಗಿನ ಗದ್ದೆಯವನು, ಹೊಲವೇ ಇಲ್ಲದ ಕೂಲಿಕಾರ, ಇವರೆಲ್ಲರೂ ಅಲ್ಲಿ ಒಟ್ಟಿಗೆ ಬಾಳಲೇಬೇಕು. ಕಷ್ಟವೂ ಇಲ್ಲಿಯೇ ಇದೆ. ಸಾಧನೆಯೂ ಇಲ್ಲಿಯೇ ಆಗಬೇಕು.

ಆದುದರಿಂದ ಒಂದು ಊರನ್ನು ಅಳೆಯಲು ಮೂರು ಪ್ರಶ್ನೆಗಳು ಸಾಕು. ಮಣ್ಣಿನಿಂದ, ನೀರಿನಿಂದ ಪಡೆದುದನ್ನು ಆ ಊರು ಅವುಗಳಿಗೆ ಹಿಂದಿರುಗಿಸುತ್ತಿದೆಯೆ? ಎಲ್ಲರ ಒಳಿತಿಗಾಗಿ ಒಬ್ಬನಿಗಾದ ನಷ್ಟವನ್ನು ಉಳಿದವರು ಹಂಚಿಕೊಳ್ಳುತ್ತಿದ್ದಾರೆಯೆ? ಊರಿನ ನಿರ್ಧಾರಗಳಲ್ಲಿ ನಾಲೆಯ ಕೊನೆಯವನಿಗೂ, ಹೊಲವಿಲ್ಲದವನಿಗೂ, ಹೆಣ್ಣುಮಕ್ಕಳಿಗೂ ಮಾತಿದೆಯೆ? ಮೂರಕ್ಕೂ ಹೌದೆಂದು ಹೇಳಬಲ್ಲ ಊರಿಗೆ ಪರಿಸರಗ್ರಾಮವೆಂಬ ಫಲಕದ ಅಗತ್ಯವಿಲ್ಲ. ಒಂದಕ್ಕೂ ಹೌದೆನ್ನಲಾರದ ಊರಿಗೆ ಆ ಫಲಕದಿಂದ ಪ್ರಯೋಜನವಿಲ್ಲ.

ಈ ಪ್ರಶ್ನೆಗಳನ್ನು ಕೇಳುವುದಕ್ಕೆ ಎಡೆಗಳೂ ಇವೆ. ಗ್ರಾಮಸಭೆಯು ಊರಿನ ಮತದಾರರೆಲ್ಲರ ಸಭೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು; ತಮ್ಮ ಎಲ್ಲೆಯ ಗಿಡ, ಮರ, ತಳಿ, ಪ್ರಾಣಿಪಕ್ಷಿಗಳ ದಾಖಲೆಯನ್ನು ಅವು ಜನರ ನೆರವಿನಿಂದ ಬರೆದಿಡಬೇಕು. ಊರಿನ ಹಳೆಯ ಮರಗಳೆಷ್ಟು, ಅಜ್ಜಿಯ ಕಾಲದಲ್ಲಿ ಬೆಳೆಯುತ್ತಿದ್ದ ರಾಗಿಯ ತಳಿಗಳಾವುವು, ಕೆರೆಗೆ ನೀರು ತರುವ ಕಾಲುವೆಗಳಲ್ಲಿ ಮುಚ್ಚಿಹೋದುವು ಎಷ್ಟು ಎಂಬುದನ್ನು ಕೇಳಿ ಬರೆದುಕೊಳ್ಳುವುದು ಒಂಬತ್ತನೆಯ ತರಗತಿಯ ಬಾಲಕಬಾಲಕಿಯರ ಕೈಮೀರಿದ ಕೆಲಸವೇನಲ್ಲ. ಬರೆದಿಟ್ಟ ಮೇಲೆ ಅದನ್ನು ಕಳೆದುಕೊಳ್ಳುವುದು ಅಷ್ಟು ಸುಲಭವಲ್ಲ.

ಕೊಕ್ಕರೆ ಬೆಳ್ಳೂರಿಗೆ ಹಕ್ಕಿಗಳು ವರ್ಷ ವರ್ಷವೂ ಬರುವುದು ಯಾರ ಆಜ್ಞೆಯಿಂದಲೂ ಅಲ್ಲ; ಅಲ್ಲಿ ಮರವಿದೆ, ಮರದ ಕೆಳಗೆ ತಮಗೆ ಕೇಡು ಬಗೆಯದ ಜನರಿದ್ದಾರೆ ಎಂಬ ಭರವಸೆಯಿಂದ. ಮನುಷ್ಯರೂ ತಮ್ಮ ಊರಿನಲ್ಲಿ ನಿಲ್ಲಬೇಕಾದರೆ ಅಂತಹುದೇ ಭರವಸೆ ಬೇಕು. ಕಷ್ಟ ಬಂದರೆ ಅದನ್ನು ತಾನೊಬ್ಬನೇ ಹೊರಬೇಕಾಗಿಲ್ಲವೆಂದು ಪ್ರತಿಯೊಬ್ಬನಿಗೂ ತಿಳಿದಿರುವ ಊರೇ ಬಾಳುವ ಊರು.